ಕಲ್ಲಿಗೆ ಕಾವಲು, ಮಣ್ಣಿಗೆ ಮರೆವು



ಒಂದು ನಾಡಿನ ಚರಿತ್ರೆಯನ್ನು ಅರಿಯಬೇಕಾದರೆ ಅಲ್ಲಿಯ ಗ್ರಂಥಗಳನ್ನೂ ಶಾಸನಗಳನ್ನೂ ಓದಬೇಕೆಂದು ಹೇಳುವುದು ರೂಢಿ. ಆದರೆ ಗ್ರಂಥ ಬರೆಯದ, ಶಾಸನ ಬರೆಸದ ಬಹುಪಾಲು ಜನರು ತಮ್ಮ ಬದುಕನ್ನು ಬರೆದಿಟ್ಟು ಹೋದದ್ದು ಗೋಡೆ, ಕಂಬ, ಹೊಸ್ತಿಲುಗಳಲ್ಲಿ. ಆ ಬರಹವನ್ನು ಓದಲು ನಾವು ಕಲಿತಿದ್ದೇವೆಯೇ? 'ಐತಿಹಾಸಿಕ ಕಟ್ಟಡ' ಎಂದೊಡನೆ ನಮ್ಮ ಕಣ್ಣು ಯಾವುದರ ಕಡೆಗೆ ಹೊರಳುತ್ತದೆ, ಯಾವುದನ್ನು ದಾಟಿ ಹೋಗುತ್ತದೆ? ಹಾವೇರಿ ಜಿಲ್ಲೆಯನ್ನು, ಅದರಲ್ಲಿಯೂ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಸೀಮೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಈ ಬರಹದ ಉದ್ದೇಶ.

ಈ ಸೀಮೆಯಲ್ಲಿ ಅಗಡಿ ಎಂಬ ಊರಿದೆ. ಕನ್ನಡ ಸಾಹಿತ್ಯದ ಪರಿಚಯವುಳ್ಳವರಿಗೆ ಆ ಹೆಸರು ಹೊಸದಲ್ಲ. ಅಲ್ಲಿಯ ಶೇಷಾಚಲ ಸದ್ಗುರುಗಳ ಆನಂದವನದಿಂದ 1907ರಲ್ಲಿ 'ಸದ್ಬೋಧ ಚಂದ್ರಿಕೆ' ಎಂಬ ಮಾಸಪತ್ರಿಕೆ ಹೊರಟಿತು. ಅದರ ಸಂಪಾದಕರು ಕಾದಂಬರಿಕಾರ ಗಳಗನಾಥರು. ಕನ್ನಡ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದ ಆ ಮಹನೀಯರ ನಿಜನಾಮ ವೆಂಕಟೇಶ ತಿರಕೋ ಕುಲಕರ್ಣಿ. ಗಳಗನಾಥ ಅವರ ಊರಿನ ಹೆಸರು. ಆ ಊರಿಗೆ ಹೆಸರು ಬಂದದ್ದು ಅಲ್ಲಿಯ ಪ್ರಾಚೀನ ದೇವಾಲಯದ ದೇವರಿಂದ. ಹೀಗೆ ಒಂದು ಕಲ್ಲಿನ ಗುಡಿ ಒಂದು ಊರಿಗೆ, ಊರು ಒಬ್ಬ ಲೇಖಕನಿಗೆ ಹೆಸರಾಯಿತು. ಆ ಲೇಖಕನ ಪತ್ರಿಕೆ ಹಳ್ಳಿಯ ಪಡಸಾಲೆಗಳನ್ನು ಸೇರಿತು. ಇಂದು ಗುಡಿಗೆ ಸರಕಾರದ ಕಾವಲಿದೆ, ಲೇಖಕನಿಗೆ ಸಾಹಿತ್ಯಚರಿತ್ರೆಯಲ್ಲಿ ಸ್ಥಾನವಿದೆ. ಆ ಪತ್ರಿಕೆಯನ್ನು ಓದಿದ ಪಡಸಾಲೆಗೆ ಮಾತ್ರ ಎಲ್ಲಿಯೂ ಲೆಕ್ಕವಿಲ್ಲ.

ಗುಡಿಗಳ ಸಿರಿ

ಮೊದಲು ಕಾವಲಿರುವ ಕಟ್ಟಡಗಳನ್ನೇ ನೋಡೋಣ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯಾದ ಹಾವೇರಿಗೆ ಕಲ್ಯಾಣ ಚಾಲುಕ್ಯರ ಕಾಲದ ದೇವಾಲಯಗಳು ಬಹು ದೊಡ್ಡ ಆಸ್ತಿ. ಹಾವೇರಿ ನಗರದ ಸಿದ್ಧೇಶ್ವರ ದೇವಾಲಯ ಪೂರ್ವಕ್ಕೆ ಮುಖ ಮಾಡದೆ ಪಶ್ಚಿಮಕ್ಕೆ ಮುಖ ಮಾಡಿ ನಿಂತು ವಿದ್ವಾಂಸರನ್ನು ಇಂದಿಗೂ ಚರ್ಚೆಗೆ ಎಳೆಯುತ್ತದೆ. ವರದಾ ಮತ್ತು ತುಂಗಭದ್ರಾ ನದಿಗಳ ಸಂಗಮದ ಬಳಿಯ ಗಳಗನಾಥದಲ್ಲಿ ಗಳಗೇಶ್ವರನ ಗುಡಿಯ ತಳಭಾಗ ಮೆಟ್ಟಿಲು ಮೆಟ್ಟಿಲಾಗಿ ಪಿರಮಿಡ್ಡಿನಂತೆ ಹೊರಚಾಚಿದೆ. ನದಿಯ ದಡದಲ್ಲಿ ಕಾಲು ಅಗಲಿಸಿ ಗಟ್ಟಿಯಾಗಿ ಊರಿ ನಿಂತ ಜಟ್ಟಿಯಂತೆ ಅದು ಕಾಣುತ್ತದೆ. ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದಲ್ಲಿ ಮುಕ್ತೇಶ್ವರ ದೇವಾಲಯವೂ ಅದರ ಆವರಣದ ಶಾಸನಗಳೂ ಇವೆ. ಆ ಊರಿನ ಹೆಸರಿನಲ್ಲಿ ಅಂಬಿಗರ ಚೌಡಯ್ಯನ ನೆನಪಿದೆ. ಹಾನಗಲ್ಲಿನ ತಾರಕೇಶ್ವರದಲ್ಲಿ ತಲೆಯೆತ್ತಿ ನೋಡಿದರೆ ಕಲ್ಲಿನ ಛತ್ತು ಅರಳಿದ ತಾವರೆಯಾಗಿ ಇಳಿದುಬರುತ್ತದೆ. ಬಂಕಾಪುರದ ಕೋಟೆಯೊಳಗೆ ಜನರು 'ಅರವತ್ತು ಕಂಬದ ಗುಡಿ' ಎಂದು ಕರೆಯುವ ನಗರೇಶ್ವರ ದೇವಾಲಯವಿದೆ. ಅದರ ಸುತ್ತ ಈಗ ನವಿಲುಗಳ ಅಭಯಧಾಮ.

ಈ ಗುಡಿಗಳು ನಮ್ಮ ಕಾಲದವರೆಗೆ ಉಳಿದು ಬಂದದ್ದರಲ್ಲಿ ಹಲವರ ಪಾಲಿದೆ. ಹೆನ್ರಿ ಕಸಿನ್ಸ್ ಎಂಬ ಪುರಾತತ್ತ್ವಜ್ಞರು ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪವನ್ನು ಕುರಿತು 1926ರಲ್ಲಿ ಪ್ರಕಟಿಸಿದ ಗ್ರಂಥ ಇವುಗಳತ್ತ ವಿದ್ವಾಂಸರ ಗಮನವನ್ನು ಸೆಳೆಯಿತು. ಮುಕ್ತೇಶ್ವರ ದೇವಾಲಯವೊಂದನ್ನೇ ಕುರಿತು ವಸುಂಧರಾ ಫಿಲಿಯೋಜಾ ಅವರು 1995ರಲ್ಲಿ ಒಂದು ಪೂರ್ಣ ಗ್ರಂಥವನ್ನು ಪ್ರಕಟಿಸಿದರು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಇವುಗಳಿಗೆ ರಕ್ಷಣೆ ಕೊಟ್ಟಿತು. 2010ರ ತಿದ್ದುಪಡಿ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ಹೊಸ ಕಟ್ಟಡವನ್ನು ನಿಷೇಧಿಸಿ, ಅದರಾಚೆಯ 200 ಮೀಟರಿನಲ್ಲಿ ಅನುಮತಿಯನ್ನು ಕಡ್ಡಾಯಗೊಳಿಸಿತು. ಇದೆಲ್ಲ ಸ್ತುತ್ಯವಾದುದೇ. ನನ್ನ ತಕರಾರು ಇರುವುದು ಈ ರಕ್ಷಣೆಯ ವಿಷಯದಲ್ಲಲ್ಲ, ಇದರಾಚೆಗೆ ನಮ್ಮ ದೃಷ್ಟಿ ಹೊರಳದಿರುವುದರ ವಿಷಯದಲ್ಲಿ.

ಒಂದೇ ಭಾಷೆಯ ಎರಡು ಮಾತು

ಗುಡಿಯ ಮಂಟಪದಲ್ಲಿ ನಿಂತು ಅದರ ಭಾಗಗಳ ಹೆಸರನ್ನು ಒಬ್ಬ ವಯಸ್ಸಾದ ಬಡಿಗನನ್ನು ಕೇಳಿರಿ. ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ ಎಂದು ಅವನು ಹೇಳುತ್ತಾನೆ. ಅದೇ ಬಡಿಗನನ್ನು ಹಳೆಯ ರೈತನ ಮನೆಗೆ ಕರೆದೊಯ್ಯಿರಿ. ಅಲ್ಲಿಯೂ ಕಂಬ, ಬೋದಿಗೆ, ತೊಲೆ. ಅದರ ಮೇಲೆ ಜಂತಿ. ಗುಡಿಯಲ್ಲಿ ಬಳಪದ ಕಲ್ಲು, ಮನೆಯಲ್ಲಿ ತೇಗ ಅಥವಾ ಬೇವು, ಅಷ್ಟೇ ಭೇದ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದು, ಗಾಳಿಗೆ ಒಡ್ಡಿದಂತೆ ಗಟ್ಟಿ. ಅದರಲ್ಲಿ ಮರದ ಕೆತ್ತನೆಯಷ್ಟೇ ನಯವಾದ ಕೆಲಸ ಸಾಧ್ಯವಾದದ್ದರಿಂದಲೇ ಚಾಲುಕ್ಯ ಶಿಲ್ಪಿಗಳು ಕಂಬಗಳನ್ನು ಚರಕಿಗೆ ಹಿಡಿದಂತೆ ದುಂಡಗೆ, ಬಳೆಬಳೆಯಾಗಿ ತಿರುವಿದರು. ಕಲ್ಲಿನಲ್ಲಿ ಕಟ್ಟುವವರು ಮರದಲ್ಲಿ ಕಟ್ಟುವವರಿಂದ ಕಲಿತರೆಂಬ ಮಾತು ಭಾರತದ ವಾಸ್ತುಚರಿತ್ರೆಯ ಮೊದಲ ಪಾಠಗಳಲ್ಲೊಂದು. ಹಾಗಿದ್ದರೆ ಗುಡಿಯೂ ಮನೆಯೂ ಒಂದೇ ಭಾಷೆಯ ಎರಡು ಮಾತುಗಳು. ಒಂದನ್ನು ಕಾಪಾಡಿ ಇನ್ನೊಂದನ್ನು ಕೆಡವಿದರೆ, ಕಾವ್ಯವನ್ನು ಉಳಿಸಿ ಆಡುನುಡಿಯನ್ನು ಕಳೆದಂತಾಗುವುದಿಲ್ಲವೇ?

ಆ ಮನೆ ಹೇಗಿತ್ತೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮಕ್ಕಳಲ್ಲಿ ಅನೇಕರು ಅದನ್ನು ಕಂಡಿಲ್ಲ. ಅಗಸಿಯನ್ನು ದಾಟಿ ಓಣಿಗೆ ಬಂದರೆ ಮನೆಯ ಮುಂದೆ ಕಟ್ಟೆ. ಎರಡು ಮೂರು ಅಡಿ ದಪ್ಪದ ಮಣ್ಣಿನ ಗೋಡೆ. ತಲೆಬಾಗಿಲಿನಿಂದ ಒಳಗೆ ಕಾಲಿಟ್ಟರೆ ಮೊದಲು ಎದುರಾಗುವುದು ದನದ ಹಕ್ಕೆ. ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಪಡಸಾಲೆ. ಅದರ ಹಿಂದೆ ಅಡುಗೆಯ ಮನೆ, ದೇವರ ಮೂಲೆ. ಮೇಲೆ ಮಣ್ಣಿನ ಮಾಳಿಗೆ, ಅದರಲ್ಲೊಂದು ಬೆಳಕಿಂಡಿ. ಮಾಳಿಗೆಯ ಮೇಲೆ ಬೇಸಿಗೆಯಲ್ಲಿ ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಒಣಗುತ್ತಿದ್ದವು. ನೆಲದಡಿಯಲ್ಲಿ ಜೋಳ ತುಂಬಿಡುವ ಹಗೇವು. ಹಗೇವಿನ ಬಾಯಿ ತೆರೆದೊಡನೆ ಯಾರೂ ಇಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೊರಹೋಗಲೆಂದು ಕಾದು, ದೀಪ ಇಳಿಬಿಟ್ಟು ನೋಡಿ ಇಳಿಯುತ್ತಿದ್ದರು. ಬರಗಾಲವನ್ನು ಕಂಡ ಜನ ಬರಗಾಲಕ್ಕಾಗಿಯೇ ಕಟ್ಟಿದ ಮನೆ ಅದು.

ಮಲೆನಾಡಿನ ಅಂಚಿಗೆ, ಹಾನಗಲ್ಲಿನತ್ತ ಹೋದಂತೆ ಮಳೆ ಹೆಚ್ಚು. ಅಲ್ಲಿ ಮಾಳಿಗೆಯ ಬದಲು ಇಳಿಜಾರಿನ ಹಂಚು. ಈ ಹಂಚಿಗೂ ಒಂದು ಚರಿತ್ರೆಯಿದೆ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. 1880ರ ದಶಕದಲ್ಲಿ ಹುಬ್ಬಳ್ಳಿ–ಹರಿಹರ ರೈಲುಮಾರ್ಗ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಮೂಲಕ ಸಾಗಿತು. 'ಮಂಗಳೂರು ಹಂಚು' ಎಂಬ ಮಾತು ಕನ್ನಡ ನಾಡಿನ ಮನೆಮಾತಾಯಿತು. ಒಂದು ಸಾಮಾನ್ಯ ಮನೆಯ ಮಾಡು ಕೂಡ ಮಿಷನರಿಗಳ, ಕಾರ್ಮಿಕರ, ಸಾಗಾಟದ ಕಥೆಯನ್ನು ಹೇಳಬಲ್ಲದು. ಕೇಳುವ ಕಿವಿ ಇರಬೇಕು.

ಗೋಡೆ ಏಕೆ ಬೀಳುತ್ತದೆ?

ಇಲ್ಲಿ ವಾಚಕರು ನ್ಯಾಯವಾಗಿಯೇ ಆಕ್ಷೇಪಿಸಬಹುದು: "ಸ್ವಾಮಿ, ಮಣ್ಣಿನ ಮನೆಯನ್ನು ಹೊಗಳುವುದು ಸುಲಭ. ಅದು ಬಿದ್ದು ಸಾಯುವವರು ಬಡವರು." ಈ ಮಾತನ್ನು ತಳ್ಳಿಹಾಕುವ ಹಕ್ಕು ನಮಗಾರಿಗೂ ಇಲ್ಲ. 2024ರ ಜುಲೈ ತಿಂಗಳ ಮಳೆಯಲ್ಲಿ ಸವಣೂರು ತಾಲ್ಲೂಕಿನ ಮಾದಾಪುರದಲ್ಲಿ ಹಳೆಯ ಮನೆಯೊಂದು ಕುಸಿದು ಒಬ್ಬ ಮಹಿಳೆಯೂ ಇಬ್ಬರು ಎಳೆಯ ಮಕ್ಕಳೂ ಪ್ರಾಣ ಬಿಟ್ಟರು. ಯಾವ ವಾಸ್ತುಶಿಲ್ಪದ ಸೊಗಸೂ ಒಂದು ಮಗುವಿನ ಜೀವಕ್ಕಿಂತ ದೊಡ್ಡದಲ್ಲ. ಆದುದರಿಂದಲೇ ಗೋಡೆ ಏಕೆ ಬೀಳುತ್ತದೆಂಬುದನ್ನು ಸರಿಯಾಗಿ ಕೇಳಬೇಕು.

ಮಣ್ಣಿನ ಗೋಡೆಗೆ ಎರಡು ಶತ್ರುಗಳು: ಮೇಲಿನಿಂದ ಸೋರುವ ನೀರು, ಬುಡದಲ್ಲಿ ನಿಲ್ಲುವ ನೀರು. ಮೇಲಿನದಕ್ಕೆ ಮದ್ದಾಗಿ ಪ್ರತಿವರ್ಷ ಮುಂಗಾರಿಗೆ ಮುನ್ನ ಮಾಳಿಗೆಗೆ ಹೊಸ ಮಣ್ಣು ಹಾಕಿ ಬಡಿಯುತ್ತಿದ್ದರು, ಗೋಡೆಗೆ ಮಣ್ಣು ಮೆತ್ತಿ ಸಾರಿಸುತ್ತಿದ್ದರು. ಮಕ್ಕಳು ನಗರ ಸೇರಿ ಮನೆಯಲ್ಲಿ ಮುದುಕರಿಬ್ಬರೇ ಉಳಿದಾಗ ಆ ಕೆಲಸ ನಿಂತಿತು. ಬುಡದ ನೀರಿಗೆ ಕಾರಣ ಇನ್ನೂ ವಿಚಿತ್ರ. ಓಣಿಯ ರಸ್ತೆಗೆ ಕಾಂಕ್ರೀಟು ಬಂತು. ಹಳೆಯದನ್ನು ಅಗೆಯದೆ ಅದರ ಮೇಲೆಯೇ ಹೊಸ ಪದರ ಹಾಕುತ್ತ ಹೋದ ಕಡೆಗಳಲ್ಲಿ ರಸ್ತೆ ಏರಿತು, ಮನೆಯ ನೆಲ ತಗ್ಗಾಯಿತು. ಹಿಂದೆ ಕಟ್ಟೆಯಿಂದ ಓಣಿಗೆ ಹರಿಯುತ್ತಿದ್ದ ಮಳೆನೀರು ಈಗ ಓಣಿಯಿಂದ ಕಟ್ಟೆಯ ಬುಡಕ್ಕೆ ಹರಿಯುತ್ತದೆ. ಮೂರನೆಯ ಪೆಟ್ಟು ಒಳ್ಳೆಯ ಮನಸ್ಸಿನಿಂದಲೇ ಬಿದ್ದದ್ದು. ಗೋಡೆ ಗಟ್ಟಿಯಾಗಲೆಂದು ಮಣ್ಣಿನ ಮೇಲೆ ಸಿಮೆಂಟಿನ ಗಿಲಾವು ಬಳಿಸಿದರು. ಮಣ್ಣು ಹೀರಿದ ತೇವವನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಸಿಮೆಂಟು ಆ ದಾರಿಯನ್ನು ಮುಚ್ಚುತ್ತದೆ. ಹೊರಗೆ ಬಿಗಿಯಾಗಿ ಕಾಣುವ ಗೋಡೆ ಒಳಗೊಳಗೇ ಕೊಳೆಯುತ್ತದೆ, ಮುನ್ಸೂಚನೆಯಿಲ್ಲದೆ ಕುಸಿಯುತ್ತದೆ.

ಹೀಗೆ ಬಿದ್ದ ಗೋಡೆಯ ಅಪವಾದ ಮಣ್ಣಿನ ತಲೆಗೆ ಬರುತ್ತದೆ. ಪರಿಹಾರದ ಕ್ರಮವೂ ಅದಕ್ಕೆ ಪೂರಕ. 2019ರ ಆಗಸ್ಟ್ ತಿಂಗಳ ನೆರೆ-ಮಳೆಯ ತರುವಾಯ ರಾಜ್ಯ ಸರಕಾರ ಪೂರ್ಣ ಕುಸಿದ ಮನೆಗೆ 5 ಲಕ್ಷ ರೂಪಾಯಿಗಳನ್ನು ಘೋಷಿಸಿತು. ಅಲ್ಪ ಹಾನಿಯಾದ ಮನೆಗೆ ದೊರೆತದ್ದು ಅದರ ಒಂದು ಸಣ್ಣ ಪಾಲು. ಸೂರು ಕಳೆದುಕೊಂಡವನಿಗೆ ಸೂರು ಕೊಟ್ಟದ್ದು ಧರ್ಮ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಲೆಕ್ಕದಲ್ಲಿ ಅರೆಬಿದ್ದ ಗೋಡೆಯನ್ನು ದುರಸ್ತಿ ಮಾಡುವವನಿಗಿಂತ ಅದು ಪೂರ್ತಿ ಬೀಳಲೆಂದು ಕಾಯುವವನಿಗೆ ಲಾಭ ಹೆಚ್ಚು. ದುರಸ್ತಿಯ ಜಾಣ್ಮೆಗೆ, ಅದನ್ನು ಬಲ್ಲ ಗೌಂಡಿಗೆ, ಬಡಿಗನಿಗೆ ಯಾವ ಯೋಜನೆಯಲ್ಲಿಯೂ ಹೇಳಿಕೊಳ್ಳುವಂಥ ಸ್ಥಾನವಿಲ್ಲ.

ಪ್ರತಿಕೃತಿಯ ಮೋಹ

ನಿಜವಾದ ಮನೆಗಳು ಹೀಗೆ ಕುಸಿಯುತ್ತಿರುವ ಜಿಲ್ಲೆಯಲ್ಲಿಯೇ ಅವುಗಳ ಪ್ರತಿರೂಪಗಳು ಎದ್ದು ನಿಲ್ಲುತ್ತಿವೆ. ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಕನಕದಾಸರ ನೆನಪಿಗಾಗಿ ಒಂದು ಅರಮನೆಯನ್ನೇ ಹೊಸದಾಗಿ ಕಟ್ಟಲಾಗಿದೆ. ಅದೇ ತಾಲ್ಲೂಕಿನ ಗೊಟಗೋಡಿಯಲ್ಲಿ, ಹೆದ್ದಾರಿಯ ಬದಿಗೆ, ಕಲಾವಿದ ದಿವಂಗತ ಟಿ. ಬಿ. ಸೊಲಬಕ್ಕನವರ ಅವರು ರೂಪಿಸಿದ ಉತ್ಸವ ರಾಕ್ ಗಾರ್ಡನ್ ಇದೆ. ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನು ಆಳೆತ್ತರದ ಶಿಲ್ಪಗಳಲ್ಲಿ ಮರುಸೃಷ್ಟಿಸಿದ ಆ ತೋಟದಲ್ಲಿ ರೈತನಿದ್ದಾನೆ, ಎತ್ತುಗಳಿವೆ, ಕುಂಬಾರ ಕಮ್ಮಾರರಿದ್ದಾರೆ. ಅದರ ಹಿಂದಿನ ಶ್ರಮ, ಪ್ರೀತಿ, ಕೈಚಳಕ ಪ್ರಶ್ನಾತೀತ. ಶಾಲೆಯ ಮಕ್ಕಳು ಬಸ್ಸುಗಳಲ್ಲಿ ಬಂದು ನೋಡುತ್ತಾರೆ, ಬೆರಗಾಗುತ್ತಾರೆ.

ಆದರೆ ವಿಮರ್ಶೆಯ ಮಾತೊಂದನ್ನು ಹೇಳಲೇಬೇಕು. ಪ್ರತಿಕೃತಿ ಆಕಾರವನ್ನು ಉಳಿಸುತ್ತದೆ, ವಿದ್ಯೆಯನ್ನು ಉಳಿಸುವುದಿಲ್ಲ. ಸಿಮೆಂಟಿನ ಗೋಡೆಗೆ ಮಣ್ಣಿನ ಬಣ್ಣ ಬಳಿದರೆ ಯಾವ ಮಣ್ಣನ್ನು ಎಷ್ಟು ದಿನ ಕೊಳೆಹಾಕಿ ತುಳಿಯಬೇಕೆಂಬುದು ಯಾರಿಗೂ ತಿಳಿಯುವುದಿಲ್ಲ. ಸಿಮೆಂಟಿನ ಎತ್ತಿಗೆ ಮೇವು ಬೇಡ. ಪ್ರತಿಕೃತಿ ಕಲಾವಿದನ ಸ್ಮರಣೆಯಾಗಿ ದೊಡ್ಡದು. ಆದರೆ ಸಮಾಜವೊಂದು ಅದನ್ನೇ ನೋಡಿ ತೃಪ್ತಿಪಟ್ಟು, ಪಕ್ಕದ ಊರಿನ ನಿಜವಾದ ಕಟ್ಟೆಯನ್ನು ಒಡೆಯುವಾಗ ಸುಮ್ಮನಿದ್ದರೆ, ದೋಷ ಕಲಾವಿದನದಲ್ಲ, ನೋಡುಗರದು. ಅದೇ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವೂ ಇದೆ. ಹಾಡು, ಕಥೆ, ಕುಣಿತಗಳಂತೆ ಗೋಡೆ ಕಟ್ಟುವುದೂ ಜಾನಪದವೇ ಅಲ್ಲವೇ?

ಈ ಮೋಹದಿಂದ ನಾವೂ ಹೊರತಲ್ಲ. ನಮ್ಮ ಕುಟುಂಬಗಳಿಗೆ 'ಗೋದಲಿ' ಎಂದರೆ ಡಿಸೆಂಬರ್ ತಿಂಗಳಲ್ಲಿ ಹುಲ್ಲು, ಕಾಗದ, ಬಣ್ಣದ ದೀಪಗಳಿಂದ ಕಟ್ಟುವ ಅಲಂಕಾರ. ಈ ಸೀಮೆಯ ರೈತನಿಗೆ ಗೋದಲಿ ಎಂದರೆ ಎತ್ತಿಗೆ ಮೇವು ಹಾಕುವ ಜಾಗ. ತಲೆಬಾಗಿಲಿನ ಒಳಗೇ, ಪಡಸಾಲೆಯಿಂದ ಒಂದು ಮೆಟ್ಟಿಲ ಕೆಳಗೇ ಇದ್ದ ಜಾಗ. ಮನುಷ್ಯನೂ ದನವೂ ಒಂದೇ ಮಾಡಿನ ಕೆಳಗೆ ಮಲಗುವ ಮನೆಯಲ್ಲಿ ಹುಟ್ಟಿದ ಮಗುವನ್ನು ಗೋದಲಿಯಲ್ಲಿ ಮಲಗಿಸಿದ ಕಥೆಗೆ ವಿವರಣೆಯೇ ಬೇಕಿರಲಿಲ್ಲ. ನಿಜವಾದ ಗೋದಲಿಯನ್ನು ಕಂಡಿರದ ಮಗುವಿಗೆ ಆ ಕಥೆಯ ಅರ್ಧ ಇಂಗಿಹೋಗುತ್ತದೆ. ದೇವಾಲಯಗಳ ವಿಷಯದಲ್ಲಿಯೂ ಅಷ್ಟೇ: ಜುಬಿಲಿ ಬಂತೆಂದರೆ ಹಂಚಿನ ಹಳೆಯ ಮಾಡನ್ನು ಇಳಿಸಿ ಕಾಂಕ್ರೀಟು ಏರಿಸುವ ಅವಸರ ನಮ್ಮ ಅನೇಕ ಕಡೆಗಳಲ್ಲಿದೆ. ಇನ್ನೊಂದೆಡೆ, ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಹೇಮಾವತಿಯ ಹಿನ್ನೀರಿನಲ್ಲಿ ಮುಳುಗೇಳುವ ಪಾಳು ದೇವಾಲಯದ ಮುಂದೆ ಫೋಟೋ ತೆಗೆಸಿಕೊಳ್ಳಲು ದೂರದೂರದಿಂದ ಹೋಗುತ್ತೇವೆ. ಬದುಕಿರುವ ಕಟ್ಟಡಕ್ಕೆ ತೋರದ ಮಮತೆಯನ್ನು ಪಾಳುಬಿದ್ದ ಕಟ್ಟಡಕ್ಕೆ ತೋರುವುದು ವಿಚಿತ್ರವಲ್ಲವೇ?

ಹಳೆಯದೆಲ್ಲ ಹೊನ್ನಲ್ಲ

ಹಾಗೆಂದು ಹಳೆಯದನ್ನೆಲ್ಲ ಆರಾಧಿಸಬೇಕೆಂದು ನಾನು ಹೇಳುತ್ತಿಲ್ಲ. ಸೆಗಣಿಯಿಂದ ನೆಲ ಸಾರಿಸಿ, ಹೊಗೆ ತುಂಬಿದ ಅಡುಗೆಮನೆಯಲ್ಲಿ ಕಣ್ಣು ಕೆಡಿಸಿಕೊಂಡು ಆ ಮನೆಯನ್ನು ಉಳಿಸಿದವರು ಹೆಣ್ಣುಮಕ್ಕಳು. ಅವರು "ನಮಗೆ ಫರಸಿಯ ನೆಲ ಬೇಕು, ಗಾಳಿಯಾಡುವ ಒಲೆ ಬೇಕು" ಎಂದರೆ ಅದು ನ್ಯಾಯ. ಕಟ್ಟೆಯ ಮೇಲೆ ಯಾರು ಕೂಡಬಹುದು, ಯಾರು ಕೆಳಗೆ ನಿಲ್ಲಬೇಕು, ತಲೆಬಾಗಿಲಿನಲ್ಲಿ ಯಾರ ಹೆಜ್ಜೆ ನಿಲ್ಲಬೇಕು ಎಂಬ ಕಟ್ಟಳೆಗಳೂ ಈ ವಾಸ್ತುವಿನಲ್ಲಿ ಸೇರಿದ್ದವು. ಊರಾಚೆಯ ಕೇರಿಯಲ್ಲಿ ಬದುಕಿದವರ ಗುಡಿಸಲನ್ನಂತೂ ಅಳೆದವರಿಲ್ಲ, ಚಿತ್ರಿಸಿದವರಿಲ್ಲ. ನಮ್ಮ ವಾಚಕರಲ್ಲಿ ಕೆಲವರ ಅಜ್ಜ-ಅಜ್ಜಿಯರ ಮನೆ ಅಂಥದೇ ಆಗಿದ್ದೀತು. ಚರಿತ್ರೆಯನ್ನು ಕಾಪಾಡುವುದೆಂದರೆ ಈ ಗಾಯಗಳನ್ನೂ ಮರೆಮಾಚದೆ ದಾಖಲಿಸುವುದು. ವಾಡೆಯ ಕೆತ್ತನೆಯ ಬಾಗಿಲೊಂದನ್ನೇ ಚಂದವೆಂದು ಎತ್ತಿ ತೋರಿಸಿದರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತೆ.

ಅಮೇರಿಕ ದೇಶದ ಒಂದು ಪದ್ಧತಿಯಿಂದ ಇಲ್ಲಿ ಕಲಿಯುವುದಿದೆ. 1966ರ ಕಾಯ್ದೆಯಂತೆ ಅಲ್ಲಿ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಯೊಂದಿದೆ. ನಮ್ಮ ಜಿಲ್ಲೆಗೆ ಹೋಲಿಸಬಹುದಾದ ಪ್ರತಿಯೊಂದು 'ಕೌಂಟಿ'ಯಲ್ಲಿ, ಹಳ್ಳಿಗಾಡಿನಲ್ಲಿಯೂ, ನ್ಯಾಯಾಲಯದ ಜೊತೆಗೆ ಒಕ್ಕಲಿಗನ ಕಣಜ, ಒಂದೇ ಕೋಣೆಯ ಶಾಲೆ, ಮರದ ಸೇತುವೆ, ಚಿಕ್ಕ ಇಗರ್ಜಿಗಳೂ ಆ ಪಟ್ಟಿಯನ್ನು ಸೇರಬಹುದು. ಸಾಮಾನ್ಯವಾಗಿ 50 ವರ್ಷ ಕಳೆದಿದ್ದರೆ ಸಾಕು. ನಮ್ಮ 1958ರ ಕಾಯ್ದೆ 100 ವರ್ಷಗಳನ್ನು ಕೇಳುತ್ತದೆ. ವಯಸ್ಸು ತುಂಬಿದರೂ ಸಾಮಾನ್ಯ ಮನೆಯ ಕಡೆಗೆ ಅದರ ಕಣ್ಣು ಹೊರಳುವುದು ಅಪರೂಪ. ಅಲ್ಲಿಯ ಪಟ್ಟಿಗೆ ಸೇರಿದ ಮಾತ್ರಕ್ಕೆ ಖಾಸಗಿ ಒಡೆಯನು ತನ್ನ ಸ್ವಂತ ಹಣದಿಂದ ಕಟ್ಟಡವನ್ನು ಕೆಡವದಂತೆ ತಡೆಯಲಾಗದು ಎಂಬುದೂ ಗಮನಾರ್ಹ. ಆದರೂ ಒಂದು ಕಟ್ಟಡಕ್ಕೆ ಚರಿತ್ರೆ ಇದೆ ಎಂದು ಸಮಾಜ ಬರೆದಿಟ್ಟಾಗ ಒಡೆಯನ ಕಣ್ಣಿನಲ್ಲಿಯೂ ಅದರ ಬೆಲೆ ಬದಲಾಗುತ್ತದೆ.

ನಮ್ಮ ಕೈಯಲ್ಲಿರುವುದು

ಹಳೆಯ ವಿದ್ಯೆಯನ್ನು ಹೊಸ ಬದುಕಿಗೆ ಹೊಂದಿಸಬಹುದೆಂಬುದಕ್ಕೆ ಸಾಕ್ಷಿಗಳಿವೆ. ಇಂಗ್ಲೆಂಡಿನಿಂದ ಬಂದು ಕೇರಳದಲ್ಲಿ ನೆಲೆಸಿದ ಲಾರಿ ಬೇಕರ್ (1917–2007) ಊರಿನ ಸುತ್ತ ಐದು ಮೈಲಿಯೊಳಗೆ ಸಿಗುವ ವಸ್ತುಗಳಿಂದ ಮನೆ ಕಟ್ಟಬೇಕೆಂಬ ಗಾಂಧೀಜಿಯವರ ಮಾತನ್ನು ಬದುಕಿನುದ್ದಕ್ಕೂ ಪಾಲಿಸಿದರು. ತಿರುವನಂತಪುರದ ಲೊಯೋಲಾ ಪ್ರಾರ್ಥನಾಲಯ ಅವರ ಕೃತಿ. ಇಟ್ಟಿಗೆಯ ಜಾಲಂಧ್ರಗಳಿಂದ ಬೆಳಕು ಗಾಳಿಗಳು ಅಲ್ಲಿ ತಾವಾಗಿ ಒಳಬರುತ್ತವೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ, ಮಣ್ಣಿಗೆ ಸ್ವಲ್ಪವೇ ಸಿಮೆಂಟು ಬೆರೆಸಿ ಒತ್ತಿ ಮಾಡುವ ಗಟ್ಟಿ ಇಟ್ಟಿಗೆಯನ್ನು ರೂಢಿಗೆ ತಂದಿತು. ಮಣ್ಣು ಬಡತನದ ಗುರುತೆಂಬ ಭಾವನೆಯನ್ನು ವಿಜ್ಞಾನವೇ ಅಲ್ಲಗಳೆದಿದೆ.

ಆದುದರಿಂದ ವಾಚಕರಲ್ಲಿ ಮೂರು ವಿನಂತಿಗಳು. ಮೊದಲನೆಯದು, ಹಳೆಯ ಮನೆಯನ್ನು ಕೆಡವಲೇಬೇಕಾದರೆ ಕೆಡವಿರಿ. ಆದರೆ ಅದಕ್ಕೆ ಮುನ್ನ ಒಂದು ದಿನವನ್ನು ಅದಕ್ಕೆ ಕೊಡಿರಿ. ಕಾಲೇಜಿಗೆ ಹೋಗುವ ಮಗನೋ ಮಗಳೋ ಟೇಪು ಹಿಡಿದು ಅಳೆಯಲಿ, ನಕ್ಷೆ ಬರೆಯಲಿ, ಮೊಬೈಲಿನಲ್ಲಿ ಚಿತ್ರ ತೆಗೆಯಲಿ. ಯಾವ ಭಾಗಕ್ಕೆ ಏನು ಹೆಸರು, ಯಾರು ಕಟ್ಟಿದರು, ಎಲ್ಲಿಯ ಮರ ಎಂಬುದನ್ನು ಅಜ್ಜಿಯ ಬಾಯಿಂದ ಕೇಳಿ ಬರೆದಿಡಲಿ. ಎರಡನೆಯದು, ನಿಮ್ಮ ಓಣಿಗೆ ಹೊಸ ರಸ್ತೆ ಬರುವಾಗ ಗ್ರಾಮಸಭೆಯಲ್ಲಿ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿರಿ: ರಸ್ತೆಯ ಮಟ್ಟ ಮನೆಯ ಹೊಸ್ತಿಲಿಗಿಂತ ಕೆಳಗಿರುತ್ತದೆಯೇ, ಚರಂಡಿಯ ನೀರು ಎಲ್ಲಿಗೆ ಹರಿಯುತ್ತದೆ? ಈ ಪ್ರಶ್ನೆ ಯಾವ ಕಾಯ್ದೆಗಿಂತಲೂ ಹೆಚ್ಚು ಮನೆಗಳನ್ನು, ಹೆಚ್ಚು ಜೀವಗಳನ್ನು ಉಳಿಸೀತು. ಮೂರನೆಯದು, ಊರಿನಲ್ಲಿ ಮಣ್ಣಿನ ಕೆಲಸ ಬಲ್ಲ ಗೌಂಡಿ ಒಬ್ಬನಾದರೂ ಇದ್ದರೆ ಅವನ ಕೈಯಿಂದ ಒಂದು ಗೋಡೆಯನ್ನಾದರೂ ದುರಸ್ತಿ ಮಾಡಿಸಿರಿ. ಪಕ್ಕದಲ್ಲಿ ಒಬ್ಬ ಹುಡುಗನನ್ನು ಕಲಿಯಲು ನಿಲ್ಲಿಸಿರಿ.

ಸಿದ್ಧೇಶ್ವರನ ಗುಡಿಯ ಕಲ್ಲುಕಂಬಗಳು ಇನ್ನೂ ಅನೇಕ ಶತಮಾನ ನಿಂತಾವು, ಅವುಗಳಿಗೆ ಕಾವಲಿದೆ. ಅಗಡಿಯಂಥ ಊರುಗಳ ಓಣಿಯಲ್ಲಿ ಉಳಿದಿರುವ ಮಾಳಿಗೆಗಳಿಗೆ ಅಷ್ಟು ಕಾಲವಿಲ್ಲ. ಅವುಗಳಲ್ಲಿ ಕೆಲವು ಬರುವ ಮುಂಗಾರನ್ನು ದಾಟುತ್ತವೆಯೋ ಇಲ್ಲವೋ ಎಂಬುದು, ಮಳೆ ಹಿಡಿಯುವ ಮೊದಲು ಯಾರಾದರೂ ಏಣಿ ಹತ್ತಿ ಹತ್ತು ಬುಟ್ಟಿ ಮಣ್ಣು ಹಾಕುತ್ತಾರೆಯೇ ಎಂಬುದನ್ನು ಅವಲಂಬಿಸಿದೆ.